ಡೈಪರ್ ಡಬ್ಬದ ಚೀಲಕ್ಕೆ ಕೆಳಗಂಟು ಕಡ್ಡಾಯ

ಶಿಶುಪಾಲನಾ ಶಾಖೆ (ಹೆಚ್ಚುವರಿ ಪ್ರಭಾರ)
ನಾಲ್ಕನೆಯ ಮಹಡಿ, ಬಿ ವಿಂಗ್, ಐರೋಲಿ, ನವಿ ಮುಂಬಯಿ

ಸಂಖ್ಯೆ: ಶಿಪಾ/ಡೈಡ/ರೀಫಿಲ್/೧/೨೦೧೩-೧೪
ದಿನಾಂಕ: ಶುಕ್ರವಾರ, ಮಗು ಮಧ್ಯಾಹ್ನ ಮಲಗಿದ ಮೇಲೆ

ಸುತ್ತೋಲೆ

ವಿಷಯ: ಮಗುವಿನ ಕೋಣೆಯಲ್ಲಿರುವ ಡೈಪರ್ ಡಬ್ಬದ ರೀಫಿಲ್ ಚೀಲವನ್ನು ಬದಲಾಯಿಸುವಾಗ ಅನುಸರಿಸಬೇಕಾದ ಕ್ರಮಗಳ ಬಗ್ಗೆ.

ಉಲ್ಲೇಖ:
೧. ಶ್ರೀಮತಿ ಪಂಕಜಾ ಅವರ ಮೌಖಿಕ ಆದೇಶ, ಊಟದ ಮೇಜು, ಬುಧವಾರ ಸಂಜೆ.
೨. ಕಟ್ಟಡದ ಸೊಸೈಟಿಯ ಕಾರ್ಯದರ್ಶಿ ಶ್ರೀ ಪ್ರೇಮನಾಥ ಅವರು ಮಡಿಯಲ್ಲಿದ್ದುಕೊಂಡೇ ಹೊಸ್ತಿಲಲ್ಲಿ ನಿಂತು ವ್ಯಕ್ತಪಡಿಸಿದ ಅಸಮಾಧಾನ.
೩. ರೀಫಿಲ್ ಪೆಟ್ಟಿಗೆಯ ಮೇಲಿನ ಚಿತ್ರಗಳು, ವಿಶೇಷವಾಗಿ ಎರಡನೆಯದು.

ಪ್ರಸ್ತಾವನೆ:

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮೈಸೂರಿನ ಸರ್ಕಾರಿ ಕಛೇರಿಯೊಂದರಲ್ಲಿ ಅಧೀಕ್ಷಕರಾಗಿದ್ದು ನಿವೃತ್ತರಾದ ಶ್ರೀ ಪುಂಡರೀಕಾಕ್ಷ ಅವರು (ಇವರನ್ನು ಇನ್ನು ಮುಂದೆ ‘ಅಧೀಕ್ಷಕರು’ ಎಂದು ಕರೆಯಲಾಗುವುದು, ಮನೆಯಲ್ಲಿ ಹಾಗೆ ಯಾರೂ ಕರೆಯುವುದಿಲ್ಲ) ಮಗಳು ಪಂಕಜಾಳ ಮನೆಗೆ ಬಂದದ್ದು ಮೊಮ್ಮಗಳನ್ನು ನೋಡಲೆಂದೇ ಹೊರತು ನೋಡಿಕೊಳ್ಳಲು ಅಲ್ಲ ಎಂಬ ಅಂಶವನ್ನು ಮೊದಲಿಗೇ ಸ್ಪಷ್ಟಪಡಿಸಲಾಗಿದೆ. ನೋಡಿಕೊಳ್ಳುವ ಕೆಲಸ ಅವರ ಧರ್ಮಪತ್ನಿ ಜಲಜಾಕ್ಷಿಯವರದಾಗಿತ್ತು. ಆದರೆ ದಾವಣಗೆರೆಯಲ್ಲಿದ್ದ ಹಿರಿಯ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಜಲಜಾಕ್ಷಿಯವರು ಬಾಣಂತನದ ಗಂಟುಮೂಟೆಯೊಂದಿಗೆ ಸಿಕ್ಕಿದ ರೈಲು ಹತ್ತಿ ಹೊರಟುಬಿಟ್ಟರು. ಅದೇ ವಾರ ಪಂಕಜಾಳ ಸಂಬಳವಿಲ್ಲದ ರಜೆಯೂ ಮುಗಿಯಿತು. ಮಹಾಪೆಯ ಅವಳ ಕಂಪನಿಯವರು ಇನ್ನು ರಜೆ ವಿಸ್ತರಿಸಲಾಗದು ಎಂದು ಬಹಳ ಸಿಹಿಯಾಗಿ ತಿಳಿಸಿದ್ದರು. ಮಗು ಇಂಚರಳಿಗೆ, ಅಂದರೆ ಮನೆಯವರ ಚಿನ್ನುವಿಗೆ, ಆಗ ಏಳು ತಿಂಗಳು. ಅಳಿಯ ಜಯಂತ್ ಮಗುವನ್ನು ಹಗಲು ಪಾಳಣಾಘರದಲ್ಲಿ ಬಿಡುವ ಮಾತೆತ್ತಿದ. ಪಂಕಜಾ ಕೆಲಸ ಬಿಡುವ ಮಾತೆತ್ತಿದಳು. ಎರಡೂ ಮಾತು ಮೇಜಿನ ಮೇಲೆ ಹಾಗೇ ಉಳಿದವು. ಕಾಫಿ ಕುಡಿಯುತ್ತಿದ್ದ ಅಧೀಕ್ಷಕರು ಆಗ, ‘ನೀನು ಹೋಗಮ್ಮ, ನಾನಿದ್ದೀನಿ’ ಎಂದರು.

ಹೇಳಿದ ಮೇಲೆ ಎಲ್ಲರಿಗಿಂತ ಹೆಚ್ಚು ಬೆರಗಾದವರು ಅವರೇ. ಆದರೂ ಸೇವಾವಧಿಯಲ್ಲಿ ಲೆಕ್ಕಪತ್ರ, ದಾಸ್ತಾನು, ಒಮ್ಮೆ ಜೀಪುಗಳ ಶೆಡ್ಡು ಎಂದು ಬೇರೆ ಬೇರೆ ಶಾಖೆಗಳ ಹೆಚ್ಚುವರಿ ಪ್ರಭಾರವನ್ನು ಅವರು ಹೊತ್ತವರು. ಮಕ್ಕಳ ಶಾಖೆ ಅದಕ್ಕಿಂತ ಬೇರೆಯಾಗಿರಲಾರದು ಎಂಬ ಧೈರ್ಯದ ಮೇಲೆ ಪ್ರಭಾರವನ್ನು ವಹಿಸಿಕೊಂಡರು.

ಪ್ರಸ್ತುತ ಡಬ್ಬದ ವಿವರ ಹೀಗಿದೆ. ಪರದೇಶಕ್ಕೆ ಹೋಗಿಬಂದ ಸಹೋದ್ಯೋಗಿಗಳು ಸೇರಿ ಪಂಕಜಾಳಿಗೆ ಕೊಟ್ಟ ಉಡುಗೊರೆ, ಮೊಣಕಾಲೆತ್ತರ, ಹಾಲುಬಿಳುಪು, ನೋಡಲು ದೇವಸ್ಥಾನದ ಹುಂಡಿಯ ಹಾಗೆ. ಬಳಸಿದ ಡೈಪರನ್ನು ಮೇಲಿನಿಂದ ಒತ್ತಿ, ಮುಚ್ಚಳ ತಿರುಗಿಸಿದರೆ ಮುಗಿಯಿತು, ವಾಸನೆ ಹೊರಗೆ ಬರುವುದಿಲ್ಲ. ಒಳಗೊಂದು ಬಳೆ, ಬಳೆಯೊಳಗೆ ಮಡಿಕೆ ಮಡಿಕೆಯಾಗಿ ತುಂಬಿಟ್ಟ ಪ್ಲಾಸ್ಟಿಕ್. ಇದಕ್ಕೆ ರೀಫಿಲ್ ಎನ್ನುತ್ತಾರೆ. ಎಳೆದರೆ ಅದು ಚೀಲವಾಗಿ ಬರುವುದಿಲ್ಲ, ಕೊಳವೆಯಾಗಿ ಬರುತ್ತದೆ. ಕೆಳತುದಿಗೆ ನಾವೇ ಗಂಟು ಹಾಕಿದರೆ ಮಾತ್ರ ಅದು ಚೀಲ. ಇಡೀ ಸುತ್ತೋಲೆಯ ಸಾರ ಈ ಒಂದು ವಾಕ್ಯದಲ್ಲಿದೆ. ಅವಸರವಿರುವವರು ಇಲ್ಲಿಗೇ ನಿಲ್ಲಿಸಬಹುದು.

ದಿವಾದಿಂದ ಬಂದು ಈ ಕಟ್ಟಡದ ಹಲವು ಮನೆಗಳಲ್ಲಿ ಪಾತ್ರೆ ತೊಳೆಯುವ, ರಾಯಚೂರು ಕಡೆಯ ಮರಗಮ್ಮ ಈ ಡಬ್ಬವನ್ನು ಮೊದಲ ಸಲ ಕಂಡಾಗ ಅದರೊಳಗೇನಿದೆ ಎಂದು ವಿಚಾರಿಸಿದಳು. ತಿಳಿಸಲಾಯಿತು. ‘ಅಷ್ಟು ಜ್ವಾಪಾನ ಮಾಡಿ ಇಡಾಕ ಅದರಾಗ ಏನೈತ್ರಿ?’ ಎಂದು ಕೇಳಿದಳು. ಈ ಪ್ರಶ್ನೆಗೆ ಶಾಖೆಯಿಂದ ಇದುವರೆಗೆ ಉತ್ತರ ಹೋಗಿರುವುದಿಲ್ಲ.

ಪಂಕಜಾ ಕೆಲಸಕ್ಕೆ ಮರಳಿದ ಮೊದಲ ದಿನವೇ, ಸೋಮವಾರ, ರೀಫಿಲ್ ಮುಗಿಯಿತು. ಮಧ್ಯಾಹ್ನ ಅವಳು ಫೋನು ಮಾಡಿದಾಗ ಅಧೀಕ್ಷಕರು ವಿಷಯ ತಿಳಿಸಿದರು. ತಾನು ಬಂದು ಹಾಕುತ್ತೇನೆ, ಮುಟ್ಟಬೇಡಿ ಎಂದಳು. ಅಷ್ಟಕ್ಕೇ ಅವರಿಗೆ ತುಸು ಅವಮಾನವಾದಂತಾಯಿತು. ಪೆಟ್ಟಿಗೆ ತೆಗೆದು ಚಿತ್ರಗಳನ್ನು ಪರಿಶೀಲಿಸಿದರು. ಎರಡನೆಯ ಚಿತ್ರದಲ್ಲಿ ಕೈಯೊಂದು ಗಂಟು ಹಾಕುತ್ತಿತ್ತು. ಕಡತ ಮುಗಿದ ಮೇಲೆ ದಾರ ಕಟ್ಟುವುದು ಕ್ರಮ. ಕಡತ ತೆರೆಯುವ ಮೊದಲೇ ಕಟ್ಟುವ ಪದ್ಧತಿ ಸರ್ಕಾರದಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ಮುದ್ರಣದೋಷದಿಂದ ಚಿತ್ರಗಳು ಹಿಂದುಮುಂದಾಗಿವೆ ಎಂದು ತೀರ್ಮಾನಿಸಿ, ಬಳೆಯನ್ನು ಕೂರಿಸಿ, ಕೊಳವೆಯನ್ನು ಕೆಳಗೆ ಇಳಿಬಿಟ್ಟು, ಮುಚ್ಚಳ ಹಾಕಿದರು. ಸಂಜೆ ಮಗಳು ಬಂದು ಡಬ್ಬ ನೋಡಿ, ‘ಅರೆ, ಹಾಕಿದ್ದೀರಲ್ಲ ಅಪ್ಪಾ’ ಎಂದಳು. ಮೇಲಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಅಧೀಕ್ಷಕರು ಆ ಮೆಚ್ಚುಗೆಯನ್ನು ತಲೆಯಾಡಿಸಿ ಸ್ವೀಕರಿಸಿದರು.

ಬುಧವಾರ ಮಧ್ಯಾಹ್ನಕ್ಕೆ ಡಬ್ಬ ತುಂಬಿತು. ಕಚರಾ ಒಯ್ಯುವವನು ಬೆಳಗ್ಗೆಯೇ ಬಂದು ಹೋಗಿದ್ದ. ಮರುದಿನದವರೆಗೆ ಕಾಯಬಹುದಿತ್ತು. ಆದರೆ ಅಂದಿನ ಕಡತವನ್ನು ಅಂದೇ ವಿಲೇವಾರಿ ಮಾಡಿ ಬಂದ ಜೀವ, ಕಾಯುವುದು ಆಗಲಿಲ್ಲ. ಮೇಲೆ ಕತ್ತರಿಸಿ, ಚಿತ್ರದಲ್ಲಿದ್ದುದಕ್ಕಿಂತ ಅಂದವಾದ ಗಂಟು ಹಾಕಿ, ಎತ್ತಿದರು. ಒಳಗಿನದೆಲ್ಲ ಅಲುಗದೆ ಮೇಲೆ ಬಂತು. ಬಾಗಿಲೇ ಇಲ್ಲದ ಲೋಕಲ್ ರೈಲಿನ ಡಬ್ಬಿಯಿಂದ ಸಂಜೆಯ ಹೊತ್ತಿನಲ್ಲಿ ಜನ ಬೀಳದೆ ನಿಂತಿರುತ್ತಾರಲ್ಲ, ಹಾಗೆ, ಒಂದಕ್ಕೊಂದು ಒತ್ತಿಕೊಂಡು ಅವು ನಿಂತಿದ್ದವು. ಎಡ ಹೆಗಲ ಮೇಲೆ ಚಿನ್ನು, ಬಲಗೈಯಲ್ಲಿ ಚೀಲ; ಎರಡು ನಿಮಿಷದ ಕೆಲಸಕ್ಕೆ ಬೀಗವೇಕೆ ಎಂದು ಬಾಗಿಲನ್ನು ಓರೆ ಮಾಡಿ ಅಧೀಕ್ಷಕರು ಹೊರಟರು. ಲಿಫ್ಟು ರಿಪೇರಿಯಲ್ಲಿತ್ತು. ಮೆಟ್ಟಿಲಿಳಿದರು.

ಲೋಕಲ್‌ನಲ್ಲಿ ಮೊದಲನೆಯವನು ಇಳಿಯುವವರೆಗೆ ಮಾತ್ರ ಕಷ್ಟ. ಮೂರನೆಯ ಮಹಡಿಯ ತಿರುವಿನಲ್ಲಿ ಒಂದು ಇಳಿಯಿತು. ಆಮೇಲೆ ಉಳಿದವಕ್ಕೂ ಜಾಗ ಸಿಕ್ಕಿ ಒಂದೊಂದಾಗಿ ಇಳಿಯತೊಡಗಿದವು. ಡೈಪರ್ ಬಿದ್ದರೆ ಸದ್ದಾಗುವುದಿಲ್ಲ. ಜೊತೆಗೆ ಚಿನ್ನು ಕಿವಿಯ ಹತ್ತಿರವೇ ಏನೋ ದೀರ್ಘವಾಗಿ ನಿವೇದಿಸಿಕೊಳ್ಳುತ್ತಿದ್ದಳು. ಹೀಗಾಗಿ ಅಧೀಕ್ಷಕರು ಹಿಂದೆ ತಿರುಗಿ ನೋಡುವ ಪ್ರಸಂಗ ಬರಲಿಲ್ಲ. ಕೆಳಗೆ ಬರುವ ಹೊತ್ತಿಗೆ ಚೀಲ ಬಲೂನಿನ ಹಾಗೆ ಹಗುರವಾಗಿತ್ತು. ಒಳಗಿನ ಮಾಲನ್ನು ಅದೇ ಕುಗ್ಗಿಸಿಕೊಂಡಿರಬೇಕು ಎಂದು ಪರದೇಶದವರ ಜಾಣತನಕ್ಕೆ ತಲೆದೂಗುತ್ತ ಅದನ್ನು ಸೊಸೈಟಿಯ ಡ್ರಮ್ಮಿಗೆ ಹಾಕಿದರು. ಆಗ ಬೇರೆ ಮನೆಯ ಕೆಲಸ ಮುಗಿಸಿ ಕೆಳಗಿಳಿದುಬಂದ ಮರಗಮ್ಮ, ‘ಅಜ್ಜಾರ, ನಿಮ್ಮ ಸಾಮಾನು ದಾರಿತುಂಬ ಉದುರ್ಯಾವ್ ನೋಡ್ರಿ’ ಎಂದು ತಿಳಿಸಿ, ಮೂಗಿಗೆ ಸೆರಗು ಹಿಡಿದು ತನ್ನ ರೈಲಿಗೆ ಹೊರಟುಹೋದಳು.

ಮೊದಲು ಮಗುವನ್ನು ಮನೆಯಲ್ಲಿ ಮಲಗಿಸಿ, ಆಮೇಲೆ ಹೆಕ್ಕಿದರಾಯಿತು ಎಂದುಕೊಂಡು ಅಧೀಕ್ಷಕರು ಮೇಲೆ ಹತ್ತಿದರು. ಆದರೆ ಖಾಡಿಯ ಉಪ್ಪುನೀರಿನ ಕಡೆಯಿಂದ ಬೀಸುವ ಗಾಳಿ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿತ್ತು. ಬಾಗಿಲು ಬಡಿದುಕೊಂಡು ಲ್ಯಾಚ್ ಬಿದ್ದಿತ್ತು. ಚಾವಿ ಒಳಗೆ. ಹಾಲಿನ ಬಾಟಲಿ ಒಳಗೆ. ಫೋನೂ ಒಳಗೆ, ಮತ್ತು ಅದು ಬಡಿದುಕೊಳ್ಳುತ್ತಿತ್ತು. ನಿಲ್ಲುವುದು, ಮತ್ತೆ ಬಡಿದುಕೊಳ್ಳುವುದು. ಯಾರದೆಂದು ಅವರಿಗೆ ಗೊತ್ತಿತ್ತು. ಆ ಹೊತ್ತಿಗೆ ಪಂಕಜಾ ದಿನವೂ ಫೋನು ಮಾಡಿ ಮಗು ಹಾಲು ಕುಡಿಯಿತೇ ಎಂದು ಕೇಳುತ್ತಿದ್ದಳು. ಅವಳ ನಂಬರು ಅವರಿಗೆ ಬಾಯಿಗೆ ಬರುತ್ತಿರಲಿಲ್ಲ, ಜಯಂತನದೂ ಬರುತ್ತಿರಲಿಲ್ಲ. ಬಾಯಿಗೆ ಬರುತ್ತಿದ್ದದ್ದು ತಾವು ನಿವೃತ್ತರಾದ ಕಛೇರಿಯ ನಂಬರು ಮಾತ್ರ. ಚಿನ್ನು ತುಟಿ ಸೊಟ್ಟ ಮಾಡಿದಳು, ಆಮೇಲೆ ಅಳು ಶುರುಮಾಡಿದಳು, ಆಮೇಲೆ ಹಸಿವಿನ ಅಳು. ಅಧೀಕ್ಷಕರು ಮುಚ್ಚಿದ ಬಾಗಿಲಿಗೆ ಹಣೆಯಿಟ್ಟು ನಿಂತರು. ನಾನಿದ್ದೀನಿ ಎಂದು ತಾವು ಹೇಳಿದ ಮಾತು ಬಾಗಿಲ ಆ ಕಡೆಯಿಂದ ಬಡಿದುಕೊಳ್ಳುತ್ತಿದೆ ಅನಿಸಿತು. ಸೇವೆಯಲ್ಲಿದ್ದಾಗ ಅವರಿಗೆ ನೋಟೀಸು ಬಂದದ್ದುಂಟು, ವರ್ಗವಾದದ್ದುಂಟು. ಹೀಗೆ ಬಾಗಿಲ ಹೊರಗೆ ಉಳಿದದ್ದಿರಲಿಲ್ಲ. ಮಗುವನ್ನು ಹೊತ್ತು ಮತ್ತೆ ಕೆಳಗಿಳಿದರು.

ಎರಡನೆಯ ಮಹಡಿಯಲ್ಲಿ ಮಂಗಳೂರು ಕಡೆಯ ಪ್ರೇಮನಾಥರ ಮನೆ. ಅಂದು ಅಲ್ಲಿ ಸತ್ಯನಾರಾಯಣ ಪೂಜೆ. ಬಾಗಿಲಲ್ಲಿ ಬಂದವರ ಚಪ್ಪಲಿ ಸಾಲಾಗಿತ್ತು. ಆ ಸಾಲಿನಲ್ಲಿ, ಯಾರದೋ ಹೊಳೆಯುವ ಬೂಟಿನ ಮೇಲೆ, ಚಿನ್ನುವಿನ ಡೈಪರೊಂದು. ಮಗುವಿನ ಅಳು ಕೇಳಿ ಹೊರಗೆ ಬಂದ ಪ್ರೇಮನಾಥರು ಮೊದಲು ಕಂಡದ್ದು ಬೂಟನ್ನು. ‘ಎಂತ ಮಾರಾಯ್ರೆ ಇದು? ದೇವರ ಪೂಜೆಗೆ ಬಂದವರ ಬೂಟಿನ ಮೇಲೆ ಇದು ಉಂಟಲ್ಲ’ ಎಂದರು. ಇನ್ನೂ ಹೇಳುವವರಿದ್ದರು. ಅಷ್ಟರಲ್ಲಿ ಅವರ ಹೆಂಡತಿ ಸತ್ಯಭಾಮಾ ಹಿಂದಿನಿಂದ ಬಂದು, ಗಂಡನನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿ, ಇನ್ನೊಂದು ಕೈಯಿಂದ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಮುಖ್ಯ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು. ಪ್ರೇಮನಾಥರು ಜಯಂತನಿಗೆ ಫೋನು ಮಾಡಲು ಹೋದರು. ಅಧೀಕ್ಷಕರು ಹಳೆಯ ಪೇಪರೊಂದನ್ನು ಕೇಳಿ ಪಡೆದು ಮೆಟ್ಟಿಲುಗಳ ಕಡೆಗೆ ನಡೆದರು.

ಪಂಕಜಾ ಬಂದಾಗ ಅವರು ಮೊದಲನೆಯ ಮಹಡಿಯ ತಿರುವಿನಲ್ಲಿ ಬಗ್ಗಿದ್ದರು. ಫೋನು ಎತ್ತದ ಅಪ್ಪನಿಗೆ ಏನಾಯಿತೋ, ಮಗುವಿಗೆ ಏನಾಯಿತೋ ಎಂದು ಅವಳು ಮೀಟಿಂಗಿನ ನಡುವೆ ಎದ್ದು, ಸಿಕ್ಕಿದ ರಿಕ್ಷಾ ಹಿಡಿದು ಮಹಾಪೆಯಿಂದ ಬಂದಿದ್ದಳು. ದಾರಿಯುದ್ದಕ್ಕೂ ಮನೆಗೇ ಫೋನು ಹಚ್ಚುತ್ತಿದ್ದಳಾದ್ದರಿಂದ ಜಯಂತನ ಕರೆ ಅವಳಿಗೆ ಸಿಗಲಿಲ್ಲ. ಕೂದಲು ಕೆದರಿತ್ತು, ಕಂಪನಿಯ ಕಾರ್ಡು ಕೊರಳಲ್ಲಿ ಬೆನ್ನಿನ ಕಡೆಗೆ ತಿರುಗಿತ್ತು. ಅಪ್ಪನ ಹೆಗಲು ನೋಡಿದಳು, ಹೆಗಲ ಮೇಲೆ ಯಾರೂ ಇರಲಿಲ್ಲ.

‘ಚಿನ್ನು ಎಲ್ಲಿ?’

ಅಧೀಕ್ಷಕರು ಸೊಂಟ ಹಿಡಿದು ಎದ್ದರು. ಕೈಯಲ್ಲಿದ್ದ ಡೈಪರಿನಿಂದಲೇ ಮೇಲಕ್ಕೆ ತೋರಿಸಿದರು. ಅವಳು ಎರಡೆರಡು ಮೆಟ್ಟಿಲು ಹಾರಿ ಓಡಿದಳು.

ಸಂಜೆ ಜಯಂತ್ ಠಾಣೆಯಲ್ಲಿರುವ ತನ್ನ ಆಫೀಸಿನಿಂದ ಬಂದ ಮೇಲೆ ಎಲ್ಲರೂ ಊಟಕ್ಕೆ ಕೂತರು. ಜಯಂತ್ ಒಳ್ಳೆಯವನು, ನೋಯಿಸಬಾರದೆಂದು ಮಾತನ್ನು ಆರಿಸಿ ಆರಿಸಿ ಆಡುತ್ತಾನೆ. ಮಾವನವರಿಗೆ ಈ ವಯಸ್ಸಿನಲ್ಲಿ ತ್ರಾಸು ಕೊಡುವುದು ಸರಿಯಲ್ಲ ಎಂದೂ, ಮಹಾಪೆಯಲ್ಲೇ ಒಂದು ಪಾಳಣಾಘರವಿದೆ ಎಂದೂ ಹೇಳಿದ. ಅಧೀಕ್ಷಕರು ಅದಕ್ಕೆ ಮೊದಲೇ ತಯಾರಾಗಿದ್ದರು. ಪ್ರಭಾರವನ್ನು ಹಸ್ತಾಂತರಿಸಲು ತಮ್ಮ ಅಭ್ಯಂತರವಿಲ್ಲವೆಂದೂ, ಮೈಸೂರಿನ ರೈಲಿಗೆ ಒಂದು ಸೀಟು ನೋಡಬೇಕೆಂದೂ ತಟ್ಟೆಯನ್ನೇ ನೋಡುತ್ತ ತಿಳಿಸಿದರು.

ಪಂಕಜಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, ‘ನಾನು ರಿಕ್ಷಾದಲ್ಲೇ ರಾಜೀನಾಮೆ ಬರೆದಿಟ್ಟಿದ್ದೆ. ಕಳಿಸೋದೊಂದು ಬಾಕಿ ಇತ್ತು’ ಎಂದಳು.

ಅವಳೇ ಮುಂದುವರಿಸಿ, ಮೇಲೆ ಓಡಿದಾಗ ಕಂಡದ್ದನ್ನು ಹೇಳಿದಳು. ಚಿನ್ನು ಸತ್ಯಭಾಮಾ ಅವರ ಸೊಂಟದ ಮೇಲೆ ಕೂತು, ಗಲ್ಲದ ತುಂಬ ಬಾಳೆಹಣ್ಣು ಬಳಿದುಕೊಂಡಿದ್ದಳು. ಬಾಳೆಹಣ್ಣು ಕೊಡುವುದು ಮುಂದಿನ ತಿಂಗಳು ಎಂದು ಪಂಕಜಾ ಇಟ್ಟುಕೊಂಡಿದ್ದಳು. ಮೊದಲ ತುತ್ತಿಗೆ ಫೋಟೋ ತೆಗೆಯಬೇಕೆಂದೂ ಇಟ್ಟುಕೊಂಡಿದ್ದಳು. ‘ನನ್ನನ್ನ ನೋಡಿದ್ಲು, ನಕ್ಕಳು, ಮತ್ತೆ ಹಣ್ಣಿನ ಕಡೆ ತಿರುಗಿಬಿಟ್ಲು. ಅವಳಿಗೆ ನಾನು ಬೇಕೇ ಆಗಲಿಲ್ಲ ಅಪ್ಪಾ. ಅಲ್ಲೇ ಚಪ್ಪಲಿ ಮಧ್ಯ ಕೂತು ಅತ್ತೆ. ಅತ್ತಾದ ಮೇಲೆ ಹೊಟ್ಟೆ ಹಸೀತು. ಪೂಜೆಯ ಸಪಾದ ಹಾಕಿಸ್ಕೊಂಡು ತಿಂದೆ. ಎರಡು ಸಲ.’

ಜಯಂತ್ ನಗಬೇಕೋ ಬೇಡವೋ ಎಂದು ಮಾವನ ಮುಖ ನೋಡಿದ. ಮಾವ ಇನ್ನೂ ತಟ್ಟೆ ನೋಡುತ್ತಿದ್ದರು.

‘ನಾಳೆ ನಾನು ಆಫೀಸಿಗೆ ಹೋಗ್ತೀನಿ,’ ಎಂದಳು ಪಂಕಜಾ. ‘ರೀಫಿಲ್ ನೀವೇ ಹಾಕಿ. ಕೆಳಗಿನ ಗಂಟು ಮೊದಲು.’

ಇಂಥ ಆದೇಶವನ್ನು ಲಿಖಿತವಾಗಿ ಕೊಟ್ಟರೆ ಒಳ್ಳೆಯದು ಎಂದು ಅಧೀಕ್ಷಕರು ತಟ್ಟೆಯಿಂದ ತಲೆಯೆತ್ತಿ ಕೋರಿದರು. ನೀವೇ ಬರೆದುಕೊಳ್ಳಿ ಎಂದು ಅವಳು ಕೈ ತೊಳೆಯಲು ಎದ್ದಳು. ಅದರಂತೆ ಈ ಕೆಳಕಂಡ ಸುತ್ತೋಲೆ.

ಸೂಚನೆಗಳು:

೧. ರೀಫಿಲ್ ಹಾಕುವ ಮುನ್ನ ಕೊಳವೆಯ ಕೆಳತುದಿಗೆ ಗಂಟು ಹಾಕತಕ್ಕದ್ದು. ಸರ್ಕಾರಿ ಪದ್ಧತಿಯಲ್ಲಿ ಗಂಟು ಕೊನೆಗೆ ಬರುತ್ತದೆ ಎಂಬ ವಾದವನ್ನು ಈ ಮೂಲಕ ಶಾಶ್ವತವಾಗಿ ತಿರಸ್ಕರಿಸಲಾಗಿದೆ.

೨. ಸದರಿ ಗಂಟನ್ನು ಇನ್ನೊಬ್ಬ ವಯಸ್ಕರು ಎಳೆದು ನೋಡಿ ದೃಢೀಕರಿಸತಕ್ಕದ್ದು. ಹಗಲಿನಲ್ಲಿ ಮನೆಯಲ್ಲಿ ಇನ್ನೊಬ್ಬ ವಯಸ್ಕರು ಇಲ್ಲದಿರುವುದರಿಂದ, ಅಧೀಕ್ಷಕರು ಕನ್ನಡಕ ತೆಗೆದು ಒಮ್ಮೆ, ಹಾಕಿಕೊಂಡು ಒಮ್ಮೆ ನೋಡಿದಲ್ಲಿ ಇಬ್ಬರು ನೋಡಿದಂತೆ ಭಾವಿಸಲಾಗುವುದು.

೩. ಹೊಸ ಚೀಲದ ಧಾರಣಶಕ್ತಿಯನ್ನು ಬಟಾಟೆ ತುಂಬಿ ಪರೀಕ್ಷಿಸತಕ್ಕದ್ದು. ಗುರುವಾರದ ಪರೀಕ್ಷೆಯಲ್ಲಿ ಗಂಟು ನಿಂತಿದೆ. ಸದರಿ ಬಟಾಟೆಯಿಂದ ಮಾಡಿದ ಪಲ್ಯವನ್ನು ಜಯಂತ್ ಅವರು ಕಾರಣ ಕೇಳಿ ತಿಳಿದ ಮೇಲೆ ನಿರಾಕರಿಸಿರುತ್ತಾರೆ. ಚೀಲ ಹೊಸದಾಗಿತ್ತೆಂಬ ಸಮಜಾಯಿಷಿಯನ್ನು ಅವರು ಒಪ್ಪಿರುವುದಿಲ್ಲ.

೪. ಚಿತ್ರಗಳನ್ನು ಪರದೇಶದವರು ಯಾವ ಅನುಕ್ರಮದಲ್ಲಿ ಮುದ್ರಿಸಿರುವರೋ ಅದೇ ಅನುಕ್ರಮದಲ್ಲಿ ನೋಡತಕ್ಕದ್ದು. ಕಿರಿಯ ದೇಶಗಳಿಗೂ ಕೆಲವು ವಿಷಯ ತಿಳಿದಿರಬಹುದು.

೫. ತುಂಬಿದ ಚೀಲವನ್ನು ಮೆಟ್ಟಿಲ ಮೂಲಕ ಸಾಗಿಸುವಾಗ ಪ್ರತಿ ತಿರುವಿನಲ್ಲಿ ನಿಂತು ಹಿಂದಕ್ಕೆ ನೋಡತಕ್ಕದ್ದು. ಚೀಲ ಹಗುರವಾದಂತೆ ಅನಿಸಿದಲ್ಲಿ ಸಂತೋಷಪಡತಕ್ಕದ್ದಲ್ಲ.

೬. ಎರಡನೆಯ ಮಹಡಿಯಲ್ಲಿ ಚಪ್ಪಲಿಗಳ ಸಾಲು ಕಂಡುಬಂದ ದಿನ ಸಾಗಣೆಯನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ. ಬೂಟಿನ ಮಾಲೀಕರು ಇದುವರೆಗೆ ಮುಂದೆ ಬಂದಿರುವುದಿಲ್ಲ. ಅವರು ಬರಿಗಾಲಿನಲ್ಲಿ ಹೋದರೆಂದು ತಿಳಿದುಬಂದಿದೆ.

೭. ಚಾವಿಯನ್ನು ಜನಿವಾರಕ್ಕೆ ಕಟ್ಟಿಕೊಳ್ಳತಕ್ಕದ್ದು. ಸ್ನಾನದ ವೇಳೆಯೂ ವಿನಾಯಿತಿ ಇರುವುದಿಲ್ಲ.

೮. ಮಗಳ ಮತ್ತು ಅಳಿಯನ ಫೋನ್ ನಂಬರುಗಳನ್ನು ಪ್ರತಿದಿನ ಸಂಧ್ಯಾವಂದನೆಯ ನಂತರ ಬಾಯಿಪಾಠವಾಗಿ ಹೇಳತಕ್ಕದ್ದು. ಅವನ್ನು ಮಂತ್ರದ ನಡುವೆ ಸೇರಿಸುವುದು ಗುರುವಾರ ನಡೆದಿದ್ದು, ಇನ್ನು ಮುಂದೆ ಹಾಗೆ ಆಗದಂತೆ ಎಚ್ಚರ ವಹಿಸಲಾಗುವುದು.

೯. ಶ್ರೀಮತಿ ಪಂಕಜಾ ಅವರು ಕಛೇರಿ ವೇಳೆಯಲ್ಲಿ ಎಷ್ಟು ಸಲವಾದರೂ ಫೋನು ಮಾಡಬಹುದು. ಆದರೆ ಮಗು ಏನು ಮಾಡುತ್ತಿದೆ ಎಂಬ ಪ್ರಶ್ನೆಗೆ ‘ಮಾಮೂಲು’ ಎಂದು ಉತ್ತರ ಬಂದಲ್ಲಿ ಅದನ್ನು ಸಮಗ್ರ ವರದಿಯೆಂದೇ ಪರಿಗಣಿಸತಕ್ಕದ್ದು.

೧೦. ಮೊದಲ ಹಲ್ಲು, ಮೊದಲ ಅಂಬೆಗಾಲು, ಮೊದಲ ಮಾತು, ಮತ್ತು ಈ ಸ್ವರೂಪದ ಯಾವುದೇ ಮೊದಲು ತಾಯಿಯ ಕಛೇರಿ ವೇಳೆಯಲ್ಲಿ ಸಂಭವಿಸಿದಲ್ಲಿ, ಅದು ಸಂಭವಿಸಿಲ್ಲವೆಂದು ಭಾವಿಸತಕ್ಕದ್ದು. ಸಂಜೆ ತಾಯಿಯ ಸಮಕ್ಷಮದಲ್ಲಿ ಅದು ಮತ್ತೆ ಸಂಭವಿಸಿದಾಗ ಅದನ್ನೇ ಮೊದಲೆಂದು ದಾಖಲಿಸಿ, ಅಧೀಕ್ಷಕರು ತಕ್ಕಷ್ಟು ಆಶ್ಚರ್ಯ ವ್ಯಕ್ತಪಡಿಸತಕ್ಕದ್ದು. ಆಶ್ಚರ್ಯವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಳ್ಳಲಾಗಿದೆ. ಈ ಕಲಮು ಶ್ರೀಮತಿ ಪಂಕಜಾ ಅವರಿಗೆ ಕಳಿಸುವ ಪ್ರತಿಯಲ್ಲಿ ಇರತಕ್ಕದ್ದಲ್ಲ.

೧೧. ಈ ಸುತ್ತೋಲೆಯು ತಕ್ಷಣದಿಂದ, ಅಥವಾ ಮಗು ಎದ್ದ ಕ್ಷಣದಿಂದ, ಯಾವುದು ಮೊದಲೋ ಆಗಿನಿಂದ ಜಾರಿಗೆ ಬರುವುದು.

(ಸಹಿ)
ಪುಂಡರೀಕಾಕ್ಷ
ಅಧೀಕ್ಷಕರು (ನಿವೃತ್ತ), ಪ್ರಭಾರದಲ್ಲಿ ಮುಂದುವರಿದಿರುತ್ತಾರೆ

ಪ್ರತಿಗಳು:

೧. ಶ್ರೀಮತಿ ಪಂಕಜಾ, ಮಹಾಪೆ: ಸೂಕ್ತ ಮಾಹಿತಿಗಾಗಿ. ಇವರ ಪ್ರತಿಯಲ್ಲಿ ಒಂಬತ್ತರ ನಂತರ ಹನ್ನೊಂದು ಬರುವುದು ಬೆರಳಚ್ಚಿನ ದೋಷ.

೨. ಶ್ರೀ ಜಯಂತ್, ಠಾಣೆ: ಭಾನುವಾರ ಬೆಳಗ್ಗೆ ಗಂಟಿನ ತರಬೇತಿಗೆ ಖುದ್ದಾಗಿ ಹಾಜರಾಗುವ ಸೂಚನೆಯೊಂದಿಗೆ.

೩. ಶ್ರೀ ಪ್ರೇಮನಾಥ, ಕಾರ್ಯದರ್ಶಿಗಳು: ವಿಷಾದಪೂರ್ವಕವಾಗಿ, ಬೂಟು ಒರೆಸಲು ಬೇಕಾದ ಪಾಲಿಶ್ ಡಬ್ಬಿ ಸಹಿತ.

೪. ಶ್ರೀಮತಿ ಸತ್ಯಭಾಮಾ: ವಂದನೆಗಳೊಂದಿಗೆ. ಬಾಳೆಹಣ್ಣಿನ ಬಗ್ಗೆ ಯಾವುದೇ ಆಕ್ಷೇಪಣೆ ಇರುವುದಿಲ್ಲ.

೫. ಮರಗಮ್ಮ, ದಿವಾ: ಓದಿ ಹೇಳಲಾಯಿತು. ಪೂರ್ತಿ ಕೇಳಿಸಿಕೊಂಡು ಪಾತ್ರೆಯ ಕಡೆಗೆ ಹೋಗಿರುತ್ತಾಳೆ.

೬. ಶ್ರೀಮತಿ ಜಲಜಾಕ್ಷಿ, ದಾವಣಗೆರೆ: ಫೋನಿನಲ್ಲಿ ಓದಲಾಯಿತು. ಅವರು ನಗು ನಿಲ್ಲಿಸಿದ ಮೇಲೆ ನೀಡಿದ ಅಭಿಪ್ರಾಯವು ದಾಖಲಿಸಲು ಯೋಗ್ಯವಾಗಿರುವುದಿಲ್ಲ.

೭. ಕುಮಾರಿ ಇಂಚರ: ಎದ್ದ ಕೂಡಲೇ ಪ್ರತಿಯನ್ನು ಬಾಯಿಗೆ ಹಾಕಿಕೊಂಡಿರುವುದನ್ನೇ ಸ್ವೀಕೃತಿಯೆಂದು ಭಾವಿಸಲಾಗಿದೆ.

೮. ಕಛೇರಿ ಪ್ರತಿ: ಹತ್ತನೆಯ ಕಲಮಿನ ಮೇರೆಗೆ ದೃಢೀಕರಿಸಿ ಇಡಲಾಗಿದೆ. ಕುಮಾರಿ ಇಂಚರ ಅವರು ಇಂದು ಬೆಳಗ್ಗೆ ಸೋಫಾದ ಬುಡದಿಂದ ಡೈಪರ್ ಡಬ್ಬದವರೆಗೆ ಅಂಬೆಗಾಲಿಟ್ಟು ಬಂದಿರುವುದಿಲ್ಲ, ಅಧೀಕ್ಷಕರು ನೆಲದ ಮೇಲೆ ಕೂತು ಚಪ್ಪಾಳೆ ತಟ್ಟಿರುವುದೂ ಇಲ್ಲ.